'ಆಸ್ರಿ' ಅಂದರೆ ಯಾರ ಹೆಸರೂ ಅಲ್ಲ: ಮನೆಯಲ್ಲೇ ಹಿರಿಯರ ಆರೈಕೆ



ಹಿರಿಯರ ಆರೈಕೆಯ ಬಗ್ಗೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಮಾತಾಡಿದ ಮೇಲೆ ಬಂದ ಫೋನುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂತು. "ಅಮ್ಮನನ್ನು ಆಸ್ಪತ್ರೆಯಿಂದ ಬಿಡ್ತಾರಂತೆ. ಇನ್ನು ಮನೆಯಲ್ಲಿ ಇಟ್ಟುಕೊಳ್ಳುವುದೋ, ಊರಿಗೆ ಕಳಿಸುವುದೋ, ಎಲ್ಲಾದರೂ ಸೇರಿಸುವುದೋ?" ಕಾರ್ಯಕ್ರಮದ ನಿಮಿಷಗಳಲ್ಲಿ ಇದಕ್ಕೆ ಉತ್ತರ ಹೇಳಿ ಮುಗಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಬೊರಿವಲಿ ಪೂರ್ವದ ಒಂದು ಹಳೆಯ ಸೊಸೈಟಿಯಲ್ಲಿ ಅತ್ತೆಯೊಡನೆ ಇರುವ ಸೊಸೆ. ಕಲಿತದ್ದರಲ್ಲಿ ಅರ್ಧ ಕೇಳಿ ಓದಿ ಕಲಿತದ್ದು, ಉಳಿದರ್ಧ ತಪ್ಪು ಮಾಡಿ ಕಲಿತದ್ದು.

ನಮ್ಮ ಅತ್ತೆಗೆ ಆಗ 81 ವರ್ಷ. ಕುಂದಾಪುರದ ಕಡೆಯವರು. 1968ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದವರು. ಒಂದು ಬೆಳಗಿನ ಜಾವ ಬಚ್ಚಲಿನ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ರಾತ್ರಿಯಿಂದ ಮಾತ್ರ ಅವರು ಬೇರೆಯೇ ಮನುಷ್ಯರಾದರು. ಸಲೈನ್ ಕಿತ್ತೆಸೆಯುವುದು, ಗೋಡೆಯ ಮೇಲೆ ಯಾರೋ ಇದ್ದಾರೆ ಅನ್ನುವುದು, ಮಗನನ್ನು ನೋಡಿ "ನೀವ್ ಯಾರ್?" ಎಂದು ಕೇಳುವುದು. ನಡುವೆ "ಆಸ್ರಿ, ಆಸ್ರಿ" ಎಂದು ಕೂಗುತ್ತಿದ್ದರು. ರಾತ್ರಿ ಪಾಳಿಯ ಸಿಸ್ಟರ್ ಬೆಳಿಗ್ಗೆ ನನ್ನನ್ನು ಕೇಳಿದರು, "ಆಸ್ರಿ ಅಂದರೆ ನಿಮ್ಮ ಮಗಳಾ? ಆಜಿ ರಾತ್ರಿಯೆಲ್ಲ ಅವಳನ್ನೇ ಕರೀತಿದ್ರು."

ಕುಂದಾಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಸ್ರಿ ಅಂದರೆ ಬಾಯಾರಿಕೆ, ಕುಡಿಯಲು ಏನಾದರೂ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೇಳುವುದೇ ಆಸ್ರಿಗೆ ಏನು ಕೊಡಲಿ ಎಂದು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ತರಕಾರಿಯವನೊಡನೆ ಮರಾಠಿಯಲ್ಲಿ, ಹಾಲಿನವನೊಡನೆ ಹಿಂದಿಯಲ್ಲಿ ಜಗಳವಾಡಿದ ನಮ್ಮ ಅತ್ತೆ, ಆ ರಾತ್ರಿ ಎರಡೂ ಭಾಷೆ ಮರೆತು ನೀರು ಕೇಳಿದ್ದರು. ಸಿಸ್ಟರದ್ದು ತಪ್ಪಿಲ್ಲ. ನಲವತ್ತು ಹಾಸಿಗೆಯ ವಾರ್ಡಿನಲ್ಲಿ ಒಬ್ಬ ಅಜ್ಜಿಯ ಕುಂದಾಪ್ರ ಕನ್ನಡ ಯಾರಿಗೆ ತಿಳಿದೀತು?

ಈ ಸ್ಥಿತಿಗೆ ವೈದ್ಯರು ಡೆಲಿರಿಯಮ್ ಎನ್ನುತ್ತಾರೆ. ಇದು ಹುಚ್ಚಲ್ಲ, ಮರೆವಿನ ಕಾಯಿಲೆಯೂ ಅಲ್ಲ. ವಯಸ್ಸಾದವರಲ್ಲಿ, ಅದರಲ್ಲೂ ಸೊಂಟದ ಮೂಳೆಯ ಆಪರೇಷನ್ ಆದವರಲ್ಲಿ, ಸಾಕಷ್ಟು ಕಂಡುಬರುವ ತಾತ್ಕಾಲಿಕ ಗೊಂದಲ. ನಂಜು, ನೋವು, ಮೈಯಲ್ಲಿ ನೀರು ಕಡಿಮೆಯಾಗುವುದು, ಮೂತ್ರ ಕಟ್ಟುವುದು, ಕೆಲವು ಮಾತ್ರೆಗಳು, ಹೀಗೆ ಕಾರಣಗಳು ಹಲವು. ರಾತ್ರಿಯೆಲ್ಲ ಉರಿಯುವ ದೀಪ, ನಿದ್ದೆಗೆಡಿಸುವ ಸದ್ದು, ಕನ್ನಡಕವೂ ಕಿವಿಯ ಯಂತ್ರವೂ ಬ್ಯಾಗಿನಲ್ಲೇ ಉಳಿದಿರುವುದು, ಗುರುತಿನ ಮುಖ ಒಂದೂ ಇಲ್ಲದಿರುವುದು ಅದನ್ನು ಹೆಚ್ಚಿಸುತ್ತವೆ. ಕಾರಣ ಹುಡುಕಿ ಚಿಕಿತ್ಸೆ ಮಾಡುವುದು ಡಾಕ್ಟರರ ಕೆಲಸ. ಉಳಿದದ್ದನ್ನು ಸರಿಪಡಿಸಲು ಮನೆಯಷ್ಟು ಒಳ್ಳೆಯ ಜಾಗ ಕಡಿಮೆ.

ಇದು ಮನೆಯ ಮೇಲಿನ ಪ್ರೀತಿಯಿಂದ ಆಡುವ ಮಾತು ಮಾತ್ರವಲ್ಲ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯರು 1990ರ ದಶಕದಲ್ಲಿ ಒಂದು ಪ್ರಯೋಗ ಶುರುಮಾಡಿದರು. ನ್ಯುಮೋನಿಯಾ, ಹೃದಯದ ದುರ್ಬಲತೆಯಂಥ ಕೆಲವು ಕಾಯಿಲೆಗಳಿಗೆ ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆಯನ್ನು, ಆಯ್ದ ಹಿರಿಯರಿಗೆ ಡಾಕ್ಟರು ನರ್ಸುಗಳೇ ಮನೆಗೆ ಹೋಗಿ ಕೊಡುವುದು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮನೆಯಲ್ಲಿ ಚಿಕಿತ್ಸೆ ಪಡೆದವರಿಗೆ ಈ ಡೆಲಿರಿಯಮ್ ಕಡಿಮೆ ಬಂದದ್ದು ಕಂಡಿತು. ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಹೆದರಿಸಿತು. 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆರೋಗ್ಯವಾಗಿಯೇ ಇದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದರು. ಹತ್ತೇ ದಿನದಲ್ಲಿ ಅವರ ಕಾಲುಗಳಿಂದ ಸುಮಾರು 1 ಕಿಲೋ ಮಾಂಸ ಇಳಿದಿತ್ತು. ಕಾಯಿಲೆಯಿಲ್ಲದವರ ಕಥೆಯೇ ಹೀಗಿದ್ದರೆ, ಮೂಳೆ ಮುರಿದವರ ಗತಿ? "ಪಾಪ, ಮಲಗಿರಲಿ ಬಿಡಿ" ಎನ್ನುವ ನಮ್ಮ ಕರುಣೆ ಎಷ್ಟು ದುಬಾರಿ ಎಂದು ಆಗ ಅರ್ಥವಾಯಿತು.

ಹಾಗಾಗಿ ಮನೆಯ ಆರೈಕೆಯ ದೊಡ್ಡ ಲಾಭ ಯಾವುದು ಎಂದು ಕೇಳಿದರೆ, ಖರ್ಚು ಕಡಿಮೆ ಎಂದು ನಾನು ಹೇಳುವುದಿಲ್ಲ. ಕೆಲವೊಮ್ಮೆ ಕಡಿಮೆಯೂ ಆಗುವುದಿಲ್ಲ. ಮನೆಯಲ್ಲಿ ಹಿರಿಯರಿಗೆ ತಮ್ಮ ದಿನ ತಮ್ಮ ಕೈಯಲ್ಲಿ ಉಳಿಯುತ್ತದೆ. ಯಾವ ಲೋಟದಲ್ಲಿ ಚಹಾ, ಎಷ್ಟು ಹೊತ್ತಿಗೆ ಸ್ನಾನ, ಗಂಜಿಗೆ ಉಪ್ಪಿನಕಾಯಿಯೋ ಚಟ್ನಿಯೋ ಎಂದು ಹೇಳುವ ಹಕ್ಕು ಅವರದು. ಹೇಳಲು ಮಾತಾಡಬೇಕು, ನೋಡಲು ಎದ್ದು ಕೂರಬೇಕು, ಬೈಯಲು ಅಡಿಗೆಮನೆಯ ತನಕ ಬರಬೇಕು. ನಮ್ಮ ಅತ್ತೆ ಆಪರೇಷನ್ ಆದ ಮೇಲೆ ಮೊದಲ ಬಾರಿಗೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಸ್ವಂತ ಮನಸ್ಸಿನಿಂದ ನಡೆದದ್ದು ಫಿಸಿಯೋಥೆರಪಿಯ ಹುಡುಗಿ ಹೇಳಿದಳೆಂದಲ್ಲ. ನಾನು ಸಾರಿಗೆ ತೆಂಗಿನಕಾಯಿ ಜಾಸ್ತಿ ಹಾಕುತ್ತಿದ್ದೇನೆ ಎಂಬ ಅನುಮಾನದಿಂದ.

ಭಾಷೆಯ ಮಾತು ನಮಗೆ ಮುಂಬಯಿ ಕನ್ನಡಿಗರಿಗೆ ವಿಶೇಷವಾಗಿ ಬೇಕು. ಹೋಟೆಲಿನಲ್ಲಿ ದುಡಿಯುತ್ತ ನೈಟ್ ಸ್ಕೂಲಿನಲ್ಲಿ ಓದಿ, ಬ್ಯಾಂಕಿಗೋ ಮಿಲ್ಲಿನ ಆಫೀಸಿಗೋ ಸೇರಿ, ಮೊದಲು ಚಾಳಿನಲ್ಲಿದ್ದು ಆಮೇಲೆ ಬೊರಿವಲಿ ದಹಿಸರ್‌ಗಳಲ್ಲಿ ಸಣ್ಣ ಫ್ಲ್ಯಾಟ್ ಮಾಡಿಕೊಂಡ ತಲೆಮಾರು ಈಗ ಎಪ್ಪತ್ತು ಎಂಬತ್ತು ದಾಟಿದೆ. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಕಡಲಾಚೆಯೋ. ಅಕ್ಕಪಕ್ಕದ ಫ್ಲ್ಯಾಟಿನಲ್ಲಿ ಗುಜರಾತಿಗಳು, ಮರಾಠಿಗರು. ಮನೆಯ ಹೊರಗೆ ಮೂರು ಭಾಷೆ, ಒಳಗೆ ಕನ್ನಡವೋ ತುಳುವೋ. ಇದರಲ್ಲಿ ಒಂದು ಒಳ್ಳೆಯ ಸುದ್ದಿಯಿದೆ. ಹೈದರಾಬಾದಿನಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಆದರೆ ತಡವಾಗಿಯಾದರೂ ಆ ಕಾಯಿಲೆ ಬಂದಾಗ, ಆಮೇಲೆ ಕಲಿತ ಭಾಷೆಗಳು ಮೊದಲು ಜಾರಿ ತಾಯ್ನುಡಿ ಕೊನೆಗೆ ಉಳಿಯುವುದನ್ನು ಅನೇಕರಲ್ಲಿ ಕಾಣುತ್ತೇವೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ ಇದೆ. ಅವರಲ್ಲಿ ಯಾರಿಗಾದರೂ ಕನ್ನಡ ಮಾತ್ರ ಉಳಿದಿದ್ದರೆ, ಆ ಕನ್ನಡ ಅರ್ಥವಾಗುವ ಜಾಗ ಈ ಊರಿನಲ್ಲಿ ಎಷ್ಟಿದೆ? ಹೆಚ್ಚಿನವರಿಗೆ ಒಂದೇ, ಅವರ ಮನೆ.

ಇಲ್ಲಿಯವರೆಗೆ ಓದಿ "ಹಾಗಾದರೆ ನಾಳೆಯೇ ಕರೆದುಕೊಂಡು ಬರೋಣ" ಎಂದು ಹೊರಡಬೇಡಿ. ನಾವು ಹಾಗೇ ಮಾಡಿ ಮೊದಲ ಹದಿನೈದು ದಿನ ಪಡಬಾರದ ಪಾಡು ಪಟ್ಟೆವು. ಮಂಚ ಎತ್ತರ ಸಾಲದು, ಕಮೋಡ್ ತಗ್ಗು, ಬಚ್ಚಲ ಬಾಗಿಲಲ್ಲಿ ವಾಕರ್ ಹಿಡಿಸದು! ಮನೆಯನ್ನು ಮೊದಲು ಸಿದ್ಧಮಾಡಬೇಕು.

ಮೊದಲು ಬಚ್ಚಲು, ಆಮೇಲೆ ಉಳಿದದ್ದು

ನಮ್ಮ ಹಳೆಯ ಬಿಲ್ಡಿಂಗುಗಳ ಬಚ್ಚಲಿಗೆ ನೀರು ಹೊರಬರದಂತೆ ನಾಲ್ಕು ಬೆರಳೆತ್ತರದ ಕಲ್ಲಿನ ಹೊಸ್ತಿಲು ಇರುತ್ತದೆ. ಅತ್ತೆ ಬಿದ್ದದ್ದು ಅದಕ್ಕೇ. ಅದನ್ನು ತೆಗೆಸಿ ಇಳಿಜಾರು ಮಾಡಿಸಿದೆವು. ಕಮೋಡಿನ ಪಕ್ಕ ಮತ್ತು ನಲ್ಲಿಯ ಪಕ್ಕ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದೆವು. ಟವೆಲ್ ರಾಡನ್ನು ಹಿಡಿಕೆಯೆಂದು ತಿಳಿಯಬೇಡಿ. ಮನುಷ್ಯರ ಭಾರಕ್ಕೆ ಅದು ಕಿತ್ತು ಬರುತ್ತದೆ. ಸ್ನಾನಕ್ಕೆ ರಬ್ಬರು ಕಾಲಿನ ಸ್ಟೂಲು. ಮಂಚದಿಂದ ಬಚ್ಚಲಿನ ತನಕ ರಾತ್ರಿಯಿಡೀ ಸಣ್ಣ ದೀಪ. ಕಾಲೊರೆಸುವ ಬಟ್ಟೆ, ಚಿಕ್ಕ ಕಾರ್ಪೆಟ್ಟು, ಟಿವಿಯ ವಯರು ಎಲ್ಲ ದಾರಿಯಿಂದ ಆಚೆ. ಒಳಗೂ ಹಿಂಬದಿ ಪಟ್ಟಿಯಿರುವ ಚಪ್ಪಲಿ. ಬಾಗಿಲಿಗೆ ಒಳಚಿಲಕ ಬೇಡ, ಒಳಗೆ ಬಿದ್ದರೆ ಬಾಗಿಲು ಒಡೆಯಬೇಕಾದೀತು.

ರಾತ್ರಿ ಎದ್ದ ತಕ್ಷಣ ನಿಂತು ಹೊರಡಬಾರದು ಎಂಬುದೂ ಇಲ್ಲೇ ಸೇರಿತು. ಮಲಗಿದ್ದವರು ಒಮ್ಮೆಲೇ ನಿಂತರೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಹೆಚ್ಚು. ಏಳಬೇಕು, ಮಂಚದಂಚಿಗೆ ಕುಳಿತು ಕಾಲಾಡಿಸಬೇಕು, ಆಮೇಲೆ ಹಿಡಿದು ನಿಲ್ಲಬೇಕು. ನಿದ್ದೆ ಮಾತ್ರೆಯೂ ಬೀಳಿಸುತ್ತದೆ. ಪಕ್ಕದ ಮನೆಯವರಿಗೆ ಹಿಡಿಸಿದ ಮಾತ್ರೆಯನ್ನು ನಮ್ಮವರಿಗೆ ಕೊಡುವ ಉಪಕಾರವಂತೂ ಬೇಡವೇ ಬೇಡ.

ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಇರುವವರ ಕಷ್ಟ ಬೇರೆ. ಅವರಿಗೆ ಮನೆಯೇ ಜೈಲಾಗುತ್ತದೆ. ಒಂದು ಕಾಲಕ್ಕೆ ದಿನವೂ ನ್ಯಾಷನಲ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮಾಡುತ್ತಿದ್ದವರು ವರ್ಷಗಟ್ಟಲೆ ನೆಲ ಮುಟ್ಟದೆ ಕುಳಿತಿರುವುದನ್ನು ನೋಡಿದ್ದೇನೆ. ಈಗ ಬೊರಿವಲಿಯಲ್ಲಿ ಎತ್ತ ನೋಡಿದರೂ ರೀಡೆವಲಪ್‌ಮೆಂಟ್. ಹೊಸ ಕಟ್ಟಡಕ್ಕೆ ಲಿಫ್ಟ್ ಬರುತ್ತದೆ ನಿಜ. ಆದರೆ ಅದು ಏಳುವ ತನಕ ಎಂಬತ್ತರ ಅಜ್ಜಿಯನ್ನು ಗುರುತು ಪರಿಚಯವಿಲ್ಲದ ಬಾಡಿಗೆ ಮನೆಯಲ್ಲಿ ಇಡಬೇಕು. ಮರೆವು ಶುರುವಾದವರಿಗೆ ಈ ಸ್ಥಳಾಂತರ ದೊಡ್ಡ ಪೆಟ್ಟು. ಬಾಡಿಗೆ ಮನೆ ಹುಡುಕುವಾಗ ಅದೇ ಗಲ್ಲಿಯಲ್ಲಿ, ಅದೇ ಅಂಗಡಿ ಅದೇ ದೇವಸ್ಥಾನದ ಹತ್ತಿರ ಹುಡುಕಿ. ಮಂಚ, ಗಡಿಯಾರ, ದೇವರ ಫೋಟೋ ಹಳೆಯ ಮನೆಯಲ್ಲಿ ಯಾವ ದಿಕ್ಕಿಗಿತ್ತೋ ಹಾಗೇ ಇಡಿ. ಅಣ್ಣತಮ್ಮಂದಿರು ಅಮ್ಮನನ್ನು ಮೂರು ಮೂರು ತಿಂಗಳು ಹಂಚಿಕೊಳ್ಳುವ ಪದ್ಧತಿಗೂ ಇದೇ ಮಾತು ಅನ್ವಯ. ನ್ಯಾಯ ಅಣ್ಣತಮ್ಮಂದಿರಿಗೆ ಸಮನಾಗುತ್ತದೆ. ಅಮ್ಮನಿಗೆ ಮಾತ್ರ ಬಚ್ಚಲು ಯಾವ ಕಡೆ ಎಂದು ತಿಳಿಯುವಷ್ಟರಲ್ಲಿ ಗಂಟು ಕಟ್ಟುವ ಹೊತ್ತು.

ಮಾವಶಿ ಬಂದಳು

ನಾನು ಚರ್ಚ್‌ಗೇಟಿನ ಆಫೀಸಿಗೆ ಹೋಗುವವಳು, ಮನೆಯವರೂ ಹಾಗೇ. ಹಗಲಿಗೆ ಒಬ್ಬರು ಬೇಕೇ ಬೇಕು. ಮುಂಬಯಿಯಲ್ಲಿ ಇದಕ್ಕೆ ಬ್ಯೂರೋಗಳಿವೆ. ಅವರು ಕಳಿಸುವ ಹೆಂಗಸರನ್ನು ನಾವೆಲ್ಲ ಮಾವಶಿ ಎನ್ನುತ್ತೇವೆ, ಗಂಡಸರಾದರೆ ವಾರ್ಡ್‌ಬಾಯ್. ಹನ್ನೆರಡು ಗಂಟೆಯ ಪಾಳಿಯೂ ಉಂಟು, ಮನೆಯಲ್ಲೇ ಇರುವ ಇಪ್ಪತ್ತನಾಲ್ಕು ಗಂಟೆಯ ಏರ್ಪಾಡೂ ಉಂಟು. ಇಲ್ಲಿ ಜನ ಮಾಡುವ ದೊಡ್ಡ ತಪ್ಪು, ಮಾವಶಿಯನ್ನು ನರ್ಸ್ ಎಂದು ತಿಳಿಯುವುದು. ಸ್ನಾನ ಮಾಡಿಸುವುದು, ಉಣಿಸುವುದು, ಬಟ್ಟೆ ಬದಲಿಸುವುದು, ನಡೆಸುವುದು, ನಾವು ತೆಗೆದಿಟ್ಟ ಮಾತ್ರೆ ಹೊತ್ತಿಗೆ ನೆನಪಿಸುವುದು ಅವಳ ಕೆಲಸ. ಇಂಜೆಕ್ಷನ್, ಮೂಗಿನ ನಳಿಕೆ ಹಾಕುವುದು, ಮೂತ್ರದ ಕ್ಯಾಥೆಟರ್ ಬದಲಿಸುವುದು ತರಬೇತಿ ಪಡೆದ ನರ್ಸಿನ ಕೆಲಸ. "ಅವಳಿಗೆ ಎಲ್ಲಾ ಬರ್ತದೆ" ಎಂದು ಬ್ಯೂರೋದವರು ಹೇಳಿದರೂ ಒಪ್ಪಬೇಡಿ.

ಬ್ಯೂರೋಗೆ ಕೇಳಬೇಕಾದದ್ದು ಕೆಲವಿದೆ. ಪೊಲೀಸ್ ವೆರಿಫಿಕೇಶನ್ ಆಗಿದೆಯೇ? ಮಾವಶಿ ರಜೆ ಹಾಕಿದರೆ ಬದಲಿ ಎಷ್ಟು ಹೊತ್ತಿನಲ್ಲಿ? ನಾವು ಕೊಡುವ ಹಣದಲ್ಲಿ ಅವಳ ಕೈಗೆ ಸೇರುವುದೆಷ್ಟು? ಕೊನೆಯ ಪ್ರಶ್ನೆ ಕೇಳುವಾಗ ನಮಗೇ ಮುಜುಗರವಾಗುತ್ತದೆ, ಆದರೂ ಕೇಳಿ. ನಮ್ಮಲ್ಲಿ ಮೊದಲ ತಿಂಗಳಲ್ಲೇ ಮೂವರು ಬದಲಾದರು. ವಿಚಾರಿಸಿದರೆ ಬ್ಯೂರೋ ಕಮಿಷನ್ ಮುರಿದುಕೊಂಡು ಅವರಿಗೆ ಕೊಡುತ್ತಿದ್ದದ್ದು ಅಷ್ಟಕ್ಕಷ್ಟೇ. ಪ್ರತಿ ಬಾರಿ ಹೊಸ ಮುಖ ಬಂದಾಗ ಅತ್ತೆ ಎರಡು ದಿನ ಬಾಯಿ ಬಿಡುತ್ತಿರಲಿಲ್ಲ, ಅನ್ನವನ್ನೂ ಬಿಡುತ್ತಿದ್ದರು. ಒಬ್ಬಳೇ ಮಾವಶಿ ನೆಲೆ ನಿಲ್ಲುವುದು ಔಷಧದಷ್ಟೇ ಮುಖ್ಯ.

ನಾಲ್ಕನೆಯವಳು ನಿಂತಳು. ಮಾಲ್ವಣದ ಕಡೆಯವಳು. ಕನ್ನಡದ ಒಂದಕ್ಷರ ಬಾರದು. ಅವಳಿಗೆಂದು ನಾನು ಕ್ಯಾಲೆಂಡರಿನ ಹಿಂಬದಿಗೆ ಮರಾಠಿ ಅಕ್ಷರದಲ್ಲಿ ಹದಿನಾರು ಮಾತು ಬರೆದು ಫ್ರಿಜ್ಜಿಗೆ ಅಂಟಿಸಿದೆ. ಆಸ್ರಿ ಅಂದರೆ ನೀರು. ಹೋಯ್ಕ್ ಅಂದರೆ ಬಚ್ಚಲಿಗೆ ಹೋಗಬೇಕು. ಸಾಕ್, ಬೇಡ, ನೋವು, ಚಳಿ, ಸೆಕೆ. ಇಷ್ಟು ಸಣ್ಣ ಕೆಲಸವನ್ನು ಆಸ್ಪತ್ರೆಯಲ್ಲೇ ಮಾಡಿ ಮಂಚದ ತಲೆದಿಂಬಿನ ಹತ್ತಿರ ಅಂಟಿಸಿದ್ದರೆ ಆ ರಾತ್ರಿ ಅತ್ತೆ ನೀರಿಲ್ಲದೆ ಕಳೆಯಬೇಕಿರಲಿಲ್ಲ ಎಂಬುದು ನನಗೆ ಈಗಲೂ ಚುಚ್ಚುತ್ತದೆ. ನಿಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದರೆ ಇವತ್ತೇ ಬರೆದು ಅಂಟಿಸಿ. ತುಳುವಾದರೆ ತುಳು, ಹವ್ಯಕವಾದರೆ ಹವ್ಯಕ, ಧಾರವಾಡದ ಮಾತಾದರೆ ಅದೇ. ಪುಸ್ತಕದ ಕನ್ನಡ ಬೇಡ, ಅವರ ಬಾಯಲ್ಲಿ ಬರುವ ಮಾತೇ ಬೇಕು.

ಗಂಜಿಯ ವಿಷಯದಲ್ಲಿ ಇಬ್ಬರಿಗೂ ಭಾಷೆ ಬೇಕಾಗಲಿಲ್ಲ. ನಮ್ಮ ಗಂಜಿ ಅವಳ ಊರಿನ ಪೇಜ್. ಒಣಮೀನು ಸುಡುವ ವಿಧಾನದ ಬಗ್ಗೆ ಮಾತ್ರ ಕನ್ನಡ ಮಾಲ್ವಣಿ ಎರಡರಲ್ಲೂ ವಾಗ್ವಾದ ನಡೆಯಿತು.

ಅವಳಿಗೆ ಕಲಿಸಿದ ಮತ್ತು ಅವಳಿಂದ ಕಲಿತ ಕೆಲವನ್ನು ಹೇಳಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ, ಸೊಂಟದ ಬದಿಯಲ್ಲಿ ಹುಣ್ಣಾಗುತ್ತದೆ. ಮೊದಲ ಗುರುತು ಒತ್ತಿದರೂ ಹೋಗದ ಕೆಂಪು. ಆ ಕೆಂಪಿನ ಮೇಲೆ ಎಣ್ಣೆ ಹಾಕಿ ತಿಕ್ಕುವುದು ನಮ್ಮ ಹಳೆಯ ಅಭ್ಯಾಸ, ಅದರಿಂದ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು. ರಬ್ಬರಿನ ದುಂಡು ಟ್ಯೂಬಿನ ಮೇಲೆ ಕೂರಿಸುವುದೂ ಒಳ್ಳೆಯದಲ್ಲ. ಗಾಳಿ ಹಾಸಿಗೆ ತಂದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಊಟವನ್ನು ಮಲಗಿಸಿಕೊಂಡು ಕೊಡಬಾರದು. ನೆಟ್ಟಗೆ ಕೂರಿಸಿ ಸಣ್ಣ ತುತ್ತು ಕೊಡಬೇಕು, ಆದ ಮೇಲೂ ಅರ್ಧ ಗಂಟೆ ಕೂತೇ ಇರಬೇಕು. ಪಾರ್ಶ್ವವಾಯು ಆದವರಿಗೆ ಗಟ್ಟಿ ಗಂಜಿಗಿಂತ ನೀರೇ ಹೆಚ್ಚು ಸಲ ನೆತ್ತಿಗೇರುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ನುಂಗುವಾಗ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಿ.

ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ದಿನಕ್ಕೊಂದು ಪುಟ. ಎಷ್ಟು ಕುಡಿದರು, ಎಷ್ಟು ತಿಂದರು, ಒಂದು ಎರಡಕ್ಕೆ ಹೋದರೇ, ನಿದ್ದೆ ಹೇಗಿತ್ತು, ಬಿ.ಪಿ., ಸಕ್ಕರೆ. ನಮ್ಮ ಮಾವಶಿಗೆ ಬರೆಯಲು ಕಷ್ಟ, ಹಾಗಾಗಿ ಲೋಟದ ಚಿತ್ರ ಬರೆದು ಗೀಟು ಹಾಕುತ್ತಿದ್ದಳು. ಒಂದು ವಾರದ ಗೀಟು ಎಣಿಸಿದಾಗ ಅತ್ತೆ ಬಚ್ಚಲಿಗೆ ಹೋಗುವ ಹೆದರಿಕೆಯಿಂದ ಸಂಜೆ ಐದರ ಮೇಲೆ ನೀರನ್ನೇ ಮುಟ್ಟುತ್ತಿಲ್ಲ ಎಂದು ತಿಳಿಯಿತು. ಇದನ್ನು ಯಾವ ರಕ್ತಪರೀಕ್ಷೆ ಹೇಳುತ್ತಿತ್ತು? ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎಲ್ಲ ಮಾತ್ರೆಗಳ ಪಟ್ಟಿ ಇರಲಿ, ಮಾತ್ರೆಯ ಒಳಹೆಸರಿನೊಡನೆ. ಮೂರು ಡಾಕ್ಟರು ಬರೆದ ಮೂರು ಚೀಟಿಯಲ್ಲಿ ಒಂದೇ ಬಿ.ಪಿ. ಮಾತ್ರೆ ಎರಡು ಕಂಪನಿಯ ಹೆಸರಿನಲ್ಲಿ ಇದ್ದ ಸಂಗತಿ ನಮ್ಮಲ್ಲೇ ಆಗಿದೆ.

ಆರೈಕೆ ಮಾಡುವವರ ಆರೈಕೆ

ಇನ್ನು ಯಾರೂ ಹೇಳದ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಆರೈಕೆ ಎಂದು ಹೇಳುವಾಗ ಮಾಡುವವರು ಯಾರು ಎಂದು ಯಾರೂ ಹೇಳುವುದಿಲ್ಲ. ಹೆಚ್ಚಿನ ಕಡೆ ಸೊಸೆ, ಇಲ್ಲವೇ ಮದುವೆಯಾಗದ ಮಗಳು, ಇಲ್ಲವೇ ತಾನೂ ಎಪ್ಪತ್ತೈದು ದಾಟಿದ ಹೆಂಡತಿ. ಮಾವಶಿ ರಾತ್ರಿ ಎಂಟಕ್ಕೆ ಹೋದ ಮೇಲೆ ಬೆಳಗಿನ ತನಕ ಪಾಳಿ ನನ್ನದು. ಬೆಳಿಗ್ಗೆ ಲೋಕಲಿನಲ್ಲಿ ನಿಂತೇ ತೂಕಡಿಸಿ ಅಂಧೇರಿಯಲ್ಲಿ ಪಕ್ಕದವರ ಮೇಲೆ ಬಿದ್ದದ್ದಿದೆ. ಒಂದು ಸಂಜೆ ಅತ್ತೆಯ ಕೈ ಕೊಡವಿ ಜೋರಾಗಿ ಬೈದೆ. ಅವರು ಏನೂ ಹೇಳದೆ ಗೋಡೆಯ ಕಡೆ ತಿರುಗಿ ಮಲಗಿದರು. ಆ ರಾತ್ರಿ ನಾವು ಗಂಡ ಹೆಂಡತಿ ಕುಳಿತು ವಾರದಲ್ಲಿ ಮೂರು ರಾತ್ರಿ ಅವರದು ಎಂದು ನಿರ್ಧರಿಸಿದೆವು. ಮಗ ಅಮ್ಮನಿಗೆ ಕಮೋಡಿನ ಕುರ್ಚಿ ಹಿಡಿದರೆ ಲೋಕ ಮುಳುಗುವುದಿಲ್ಲ ಎಂದು ಗೊತ್ತಾಯಿತು. ಭಾನುವಾರ ಮಧ್ಯಾಹ್ನ ನಾದಿನಿ ಮೀರಾ ರೋಡಿನಿಂದ ಬಂದು ಕೂರುತ್ತಾರೆ, ನಾನು ಮನೆಯಿಂದ ಹೊರಗೆ. ದುಬೈಯಿಂದ ವೀಡಿಯೋ ಕಾಲ್ ಮಾಡಿ "ಅಮ್ಮ ಸಣ್ಣಗಾಗಿದ್ದಾರಲ್ಲ, ಸರಿಯಾಗಿ ನೋಡಿಕೊಳ್ತಾ ಇದ್ದೀರಾ?" ಎಂದು ಕೇಳುವ ಭಾವನಿಗೆ ರಾತ್ರಿಗೂ ಒಬ್ಬಳನ್ನು ಇಡುವ ಖರ್ಚು ವಹಿಸಲು ಹೇಳಿದೆವು. ವಹಿಸಿದರು, ಪ್ರಶ್ನೆಗಳೂ ಕಡಿಮೆಯಾದವು.

ಬೇರೆ ದೇಶಗಳು ಈ ಭಾರವನ್ನು ಸೊಸೆಯ ಹೆಗಲ ಮೇಲೆ ಮಾತ್ರ ಬಿಟ್ಟಿಲ್ಲ. ಜಪಾನಿನಲ್ಲಿ 2000ದ ಏಪ್ರಿಲಿನಿಂದ ದೀರ್ಘಕಾಲದ ಆರೈಕೆಗೆ ವಿಮೆ ಇದೆ. ನಲವತ್ತು ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ಮುಪ್ಪಿನಲ್ಲಿ ಮನೆಗೆ ಸಹಾಯಕರು ಬರುತ್ತಾರೆ. ಡೆನ್ಮಾರ್ಕಿನಲ್ಲಿ 1998ರ ಕಾನೂನಿನಂತೆ 75 ದಾಟಿದವರ ಮನೆಗೆ, ಕಾಯಿಲೆ ಬರುವ ಮೊದಲೇ, ನಗರಸಭೆಯವರು ಹೋಗಿ ವಿಚಾರಿಸುವ ಏರ್ಪಾಡು ಬಂತು. ಅಷ್ಟು ದೂರ ಏಕೆ, ನಮ್ಮ ಕಾಸರಗೋಡಿನ ಕನ್ನಡಿಗರನ್ನು ಕೇಳಿ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ವೈದ್ಯರು ಮತ್ತು ಗೆಳೆಯರು ಆರಂಭಿಸಿದ ನೋವುಶಮನದ ಕೆಲಸ ಊರೂರಿನ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ಕೇರಳ ಸರ್ಕಾರ ಅದನ್ನು ತನ್ನ ನೀತಿಯಾಗಿ ಒಪ್ಪಿಕೊಂಡಿತು. ಈಗ ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ಬೊರಿವಲಿಯಲ್ಲಿ ನಮಗೆ ಅಂಥದ್ದು ಇಲ್ಲ. ಆದರೆ ನಮ್ಮ ಸಂಘಗಳು ಇವೆಯಲ್ಲ! ವರ್ಷಕ್ಕೆ ನಾಲ್ಕು ಸನ್ಮಾನ ಮಾಡುವ ಸಂಘ ಅದರಲ್ಲಿ ಒಂದನ್ನು ಬಿಟ್ಟು, ವಾರಕ್ಕೆರಡು ಗಂಟೆ ಒಬ್ಬ ಹಿರಿಯರ ಬಳಿ ಕುಳಿತು ಕನ್ನಡ ಪೇಪರ್ ಓದಿ ಹೇಳುವ ಇಪ್ಪತ್ತು ಜನರ ಪಟ್ಟಿ ಮಾಡಿದರೆ ಆ ಮನೆಯ ಸೊಸೆಗೆ ಅಷ್ಟು ಹೊತ್ತು ನಿದ್ದೆ. ಸನ್ಮಾನಕ್ಕೆ ವಿರೋಧ ಇಲ್ಲ, ಲೆಕ್ಕ ಮಾತ್ರ ಹೇಳಿದೆ.

ಸರ್ಕಾರದ ಕಡೆಯಿಂದ ಸಿಗುವುದರಲ್ಲಿ ಎರಡನ್ನು ತಿಳಿದಿರಿ. 2024ರ ಅಕ್ಟೋಬರಿನಿಂದ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ವಯ ವಂದನ ಕಾರ್ಡಿನಡಿ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಇದೆ. ಆದರೆ ಅದು ಆಸ್ಪತ್ರೆಗೆ ದಾಖಲಾದವರ ಖರ್ಚಿಗೆ. ಮಾವಶಿಯ ಸಂಬಳಕ್ಕೆ, ಡೈಪರಿಗೆ, ವಾಕರಿಗೆ ಅದು ಬರುವುದಿಲ್ಲ. ಎರಡನೆಯದು 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಮನೆ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ ಆ ವರ್ಗಾವಣೆಯನ್ನು ರದ್ದು ಮಾಡಿಸಲು ಅದರ 23ನೇ ಕಲಮಿನಲ್ಲಿ ಅವಕಾಶವಿದೆ. ಬರೆದುಕೊಡುವ ಹಿರಿಯರು ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿರಬೇಕು. ತೊಂದರೆಯಲ್ಲಿರುವ ಹಿರಿಯರಿಗೆ ಸಹಾಯವಾಣಿಯ ಸಂಖ್ಯೆ 14567.

ಮನೆಯೇ ಎಲ್ಲದಕ್ಕೂ ಉತ್ತರ ಎಂದು ನಾನು ಹೇಳಿದರೆ ಸುಳ್ಳಾದೀತು. ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಬೆಳಗಾಗುವ ತನಕ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು, ಬೇಗ ಹೋದಷ್ಟೂ ಒಳ್ಳೆಯದು. ಉಸಿರು ಕಟ್ಟುವುದು, ಎದೆನೋವು, ಇದ್ದಕ್ಕಿದ್ದಂತೆ ಮಂಪರು ಇವೂ ಆಸ್ಪತ್ರೆಯ ವಿಷಯಗಳೇ. ಹಾಗೆಯೇ ರಾತ್ರಿಯೆಲ್ಲ ಎದ್ದು ಬಾಗಿಲು ತೆರೆದು ಹೊರಟುಬಿಡುವವರು, ಹೊಡೆಯುವವರು, ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುವವರಿದ್ದು ಅವರಿಗೂ ಕಾಯಿಲೆ ಬಂದಿರುವವರು, ಇಂಥ ಕಡೆ ಒಳ್ಳೆಯ ಆರೈಕೆ ಕೇಂದ್ರ ಹುಡುಕುವುದು ತಪ್ಪಲ್ಲ, ಪಾಪವೂ ಅಲ್ಲ. ಮೇಲಿನ ಮಾಳಿಗೆಯ ಒಬ್ಬರು ಗಂಡನನ್ನು ಹಾಗೆ ಸೇರಿಸಿದಾಗ ಕಟ್ಟಡದವರು ಆಡಿದ ಮಾತು ನನಗೆ ನೆನಪಿದೆ. ಆಡಿದವರಲ್ಲಿ ಒಬ್ಬರೂ ಒಂದು ರಾತ್ರಿ ಅವರ ಮನೆಯಲ್ಲಿ ಕೂತವರಲ್ಲ. ಸೇರಿಸುವುದಾದರೆ ಹೋಗಿ ನೋಡುವಾಗ ಊಟದ ಹೊತ್ತಿಗೆ ಹೋಗಿ, ಹೇಳದೆ ಹೋಗಿ. ಹದಿನಾರು ಮಾತಿನ ಪಟ್ಟಿಯನ್ನು ಅಲ್ಲಿಗೂ ಒಯ್ಯಿರಿ.

ನಮ್ಮ ಅತ್ತೆಯ ಗೊಂದಲ ಮನೆಗೆ ಬಂದು ಹನ್ನೆರಡನೆಯ ದಿನಕ್ಕೆ ಹೆಚ್ಚುಕಡಿಮೆ ಇಳಿಯಿತು. ನಾಲ್ಕನೆಯ ತಿಂಗಳಿಗೆ ವಾಕರ್ ಬಿಟ್ಟು ಕೋಲು ಹಿಡಿದರು. ಮೊದಲಿನ ನಡಿಗೆ ಬರಲಿಲ್ಲ, ಬರುವುದೂ ಇಲ್ಲ. ಮರೆವು ಸ್ವಲ್ಪ ಸ್ವಲ್ಪವೇ ಜಾಸ್ತಿಯಾಗುತ್ತಿದೆ, ಮರಾಠಿ ಈಗ ತೀರಾ ಕಡಿಮೆ. ಮಾವಶಿಯ ಕನ್ನಡ ಮಾತ್ರ ಹದಿನಾರು ಮಾತು ದಾಟಿ ಎಲ್ಲಿಗೋ ಹೋಗಿದೆ. ಕಾರ್ಯಕ್ರಮದ ಹೊತ್ತಿಗೆ ರೇಡಿಯೋ ಹಚ್ಚುವವಳು ಅವಳೇ. ಮೊನ್ನೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೇಳಿದಳು, "ಹ್ವಾಯ್, ಆಸ್ರಿಗೆ ಎಂತ ಬೇಕ್?"